ಲ್ಯಾಂಬೋರ್ಗಿನಿ ಚೀತಾ (1977): ಎಂಜಿನ್ ಹಿಂದೆ ಇಟ್ಟಿದ್ದೇ ಮುಳುವಾಯಿತಾ?

ಮಲ್ಪೆ ಮರಳು

ಎಲ್ಲರಿಗೂ ನಮಸ್ಕಾರ. ರಿಮೋಟ್‌ನಲ್ಲಿ ಓಡುವ ಸಣ್ಣ ಗಾಡಿಗಳಿಗೆ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾನೇ ಬಾಡಿ ಮಾಡುತ್ತೇನೆ. ಈ ಸಲ ಮನಸ್ಸು ಹೋಗಿರುವುದು ಲ್ಯಾಂಬೋರ್ಗಿನಿ ಚೀತಾ ಮೇಲೆ. 1977ರ ಜಿನೀವಾ ಮೋಟಾರ್ ಶೋನಲ್ಲಿ ಇಟ್ಟಿದ್ದ ಗಾಡಿ. ಆದರೆ ಹುಡುಕಿದರೆ ಸಿಗುವ ಫೋಟೋಗಳಲ್ಲಿ ಎಷ್ಟೋ ಅದೇ ಕಂಪನಿ ಆಮೇಲೆ ಮಾಡಿದ ಎಲ್‌ಎಂ002 ಗಾಡಿಯವು. ಇನ್ನು ಕೆಲವು ಯಾವುದೋ ಅಮೆರಿಕನ್ ಮಿಲಿಟರಿ ಗಾಡಿಯವು. ಒಂದಕ್ಕೊಂದು ತಾಳೆಯೇ ಆಗುವುದಿಲ್ಲ.

ಚೀತಾದ ಎಂಜಿನ್ ಎಲ್ಲಿತ್ತು, ಮುಂದೆಯೋ ಹಿಂದೆಯೋ? ಅದನ್ನು ನೋಡಿಕೊಂಡೇ ನಾನು ಬ್ಯಾಟರಿ ಜಾಗ ಗೊತ್ತು ಮಾಡಬೇಕು. ಅಷ್ಟು ದೊಡ್ಡ ಹೆಸರಿನ ಕಂಪನಿ ಯಾಕೆ ಒಂದೇ ಗಾಡಿಗೆ ನಿಲ್ಲಿಸಿತು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಮೂಡಿಗೆರೆ ಜೀಪು

ಒಳ್ಳೆಯ ಗಾಡಿ ಆರಿಸಿದ್ದೀರಿ. ಈ ಚೀತಾ ಬಗ್ಗೆ ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದೆ.

ಎಂಜಿನ್ ಹಿಂದೆ. ಅದೂ ಲ್ಯಾಂಬೋರ್ಗಿನಿಯ ಸ್ವಂತ ವಿ12 (12 ಸಿಲಿಂಡರಿನದು) ಅಲ್ಲ, ಅಮೆರಿಕದ ಕ್ರೈಸ್ಲರ್ ಕಂಪನಿಯ 5.9 ಲೀಟರ್ ವಿ8, ಅಂದರೆ 8 ಸಿಲಿಂಡರಿನದು. ನೀರು ಹೋಗದ ಹಾಗೆ ಸೀಲ್ ಮಾಡಿದ್ದರು. ಜೊತೆಗೆ 3 ಗೇರಿನ ಆಟೋಮ್ಯಾಟಿಕ್. ಬಾಡಿ ಫೈಬರ್‌ಗ್ಲಾಸ್. ಗಾಡಿಯ ತೂಕ 2 ಟನ್ ದಾಟಿತ್ತು, ಪವರ್ 180 ಎಚ್‌ಪಿ ಆಸುಪಾಸು. ಆ ತೂಕಕ್ಕೆ ಅದು ಸಾಲದು.

ಇದನ್ನು ಮಾಡಿದ್ದು ಶ್ರೀಮಂತರಿಗೆ ಅಲ್ಲ, ಅಮೆರಿಕದ ಸೈನ್ಯಕ್ಕೆ ಮಾರುವುದಕ್ಕೆ. ಅದಕ್ಕೇ ಕೆಲಸವನ್ನು ಅಮೆರಿಕದ ಎಂಟಿಐ ಅನ್ನುವ ಕಂಪನಿ ಜೊತೆ ಸೇರಿ ಮಾಡಿದರು. ಪೂರ್ತಿ ಹೆಸರು ಮೊಬಿಲಿಟಿ ಟೆಕ್ನಾಲಜಿ ಇಂಟರ್‌ನ್ಯಾಷನಲ್. ಗಾಡಿ ಡಿಸೈನ್ ರಾಡ್ನಿ ಫ್ಯಾರಿಸ್ ಅವರದು.

ಈಗ ಎಂಜಿನ್ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಎಸ್ಟೇಟ್ ಜೀಪು ಓಡಿಸಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹಿಂದುಗಡೆ ಕಾಫಿ ಮೂಟೆ ಒಟ್ಟಿಕೊಂಡು ಮಳೆಗಾಲದಲ್ಲಿ ಏರು ಹತ್ತಿ ನೋಡಿ. ಅರ್ಧ ಏರುವಷ್ಟರಲ್ಲಿ ಸ್ಟೇರಿಂಗ್ ಹಗುರ ಆಗಿಬಿಡುತ್ತದೆ. ಚಕ್ರ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಹಿಂದಿನ ಚಕ್ರಕ್ಕೆ ಹಿಡಿತ ಇರುತ್ತದೆ, ಮುಂದಿನದಕ್ಕೆ ಇರುವುದಿಲ್ಲ. ಆಕ್ಸಿಲರೇಟರ್ ಒತ್ತಿದಷ್ಟೂ ಭಾರ ಇನ್ನೂ ಹಿಂದಕ್ಕೆ ಜಾರುತ್ತದೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಹಾಕಿದರೆ ಅದೇ ಭಾರ ಹಿಂಭಾಗವನ್ನು ಹೊರಕ್ಕೆ ತಳ್ಳುತ್ತದೆ. ಮೂಟೆಯಾದರೆ ಇಳಿಸಬಹುದು. ಚೀತಾದಲ್ಲಿ ಹಿಂದೆ ಕೂತಿದ್ದು ಬೀಡು ಕಬ್ಬಿಣದ ವಿ8. ಅದನ್ನು ಎಲ್ಲಿಗೆ ಇಳಿಸುವುದು?

ಮಾಡಿದವರು ತಿಳಿಯದೆ ಹಾಗೆ ಮಾಡಲಿಲ್ಲ. ಎಂಜಿನ್ ಹಿಂದಿದ್ದರೆ ಮೂತಿ ತಗ್ಗಿಸಬಹುದು, ಡ್ರೈವರ್‌ಗೆ ಮುಂದಿನ ನೆಲ ಚೆನ್ನಾಗಿ ಕಾಣುತ್ತದೆ. ಹಿಂದಿನ ಚಕ್ರಕ್ಕೆ ಹಿಡಿತವೂ ಜಾಸ್ತಿ. ಕಾಗದದ ಮೇಲೆ ಚೆನ್ನಾಗೇ ಇದೆ ಅಲ್ವಾ?

ಬಯಲುಸೀಮೆ 4x4

ನಾನು ಓದಿದ ಕಡೆಯೆಲ್ಲ ಅಮೆರಿಕದ ಸೈನ್ಯ ಟೆಸ್ಟ್ ಮಾಡುವಾಗ ಇದ್ದ ಒಂದೇ ಚೀತಾ ಪುಡಿಪುಡಿ ಆಯಿತು ಅಂತಲೇ ಇದೆ. ಇನ್ನೊಂದು ಮಾತು. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್ ಹಾಕಿದ ಡ್ಯೂನ್ ಬಗ್ಗಿಗಳಲ್ಲಿ (ಮರಳಿನಲ್ಲಿ ಓಡಿಸುವ ಹಗುರ ಗಾಡಿ) ಎಂಜಿನ್ ಹಿಂದೆಯೇ ಇರುತ್ತದೆ. ಅವು ಮರಳಿನಲ್ಲಿ ಎಷ್ಟು ಚೆನ್ನಾಗಿ ಓಡುತ್ತವೆ! ಹಾಗಿದ್ದ ಮೇಲೆ ಹಿಂದಿನ ಎಂಜಿನ್ನನ್ನೇ ಯಾಕೆ ದೂರಬೇಕು?

ಸ್ಯಾನ್ ಹೋಸೆಯಿಂದ

ಪುಡಿಪುಡಿ ಆದ ಕಥೆಯನ್ನು ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು ಹರಡಿದ್ದಾರೆ. ಚೀತಾವನ್ನು ಸೈನ್ಯ ಟೆಸ್ಟ್ ಮಾಡಲೇ ಇಲ್ಲ. ಫ್ಯಾರಿಸ್ ಅವರೇ ಓಡಿಸಿ ತೋರಿಸಿದರು, ಅಷ್ಟೇ. ಆಮೇಲೆ ಎಂಟಿಐ ಅದನ್ನು ಟೆಲಿಡೈನ್ ಕಾಂಟಿನೆಂಟಲ್ ಮೋಟರ್ಸ್‌ಗೆ ಮಾರಿತು. ಮುಂದೆ ಸೈನ್ಯ ಹೊಸ ಗಾಡಿಗೆ ಟೆಂಡರ್ ಕರೆದಾಗ ಕೊನೆಯ ಸುತ್ತಿಗೆ ಉಳಿದ 3 ಕಂಪನಿಗಳಲ್ಲಿ ಈ ಟೆಲಿಡೈನ್ ಕೂಡ ಒಂದು. 1983ರಲ್ಲಿ ಆರ್ಡರ್ ಸಿಕ್ಕಿದ್ದು ಎಎಂ ಜನರಲ್‌ಗೆ. ಅದೇ ಹಮ್ವೀ.

ಎಂಟಿಐ ಇದ್ದದ್ದು ನಾನಿರುವ ಇದೇ ಊರಿನಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಮಲ್ಪೆಯವರೇ, ನಿಮ್ಮ ಫೋಟೋ ಗೊಂದಲಕ್ಕೂ ಉತ್ತರ ಇಲ್ಲೇ ಇದೆ. ನೀವು ನೋಡಿದ ಆ ಅಮೆರಿಕನ್ ಗಾಡಿ ಎಕ್ಸ್‌ಆರ್311 ಇರಬೇಕು. ಅದು ಎಫ್‌ಎಂಸಿ ಕಂಪನಿಯದು, ಅದೂ ಇಲ್ಲಿಯದೇ. ಎಫ್‌ಎಂಸಿಯ ಮೂಲ ಹಣ್ಣಿನ ತೋಟಗಳಿಗೆ ಔಷಧಿ ಹೊಡೆಯುವ ಪಂಪು. 1880ರ ದಶಕದಲ್ಲಿ ಜಾನ್ ಬೀನ್ ಶುರು ಮಾಡಿದ್ದು. ಆಮೇಲೆ ಹಣ್ಣು ಡಬ್ಬಿಗೆ ತುಂಬುವ ಯಂತ್ರಗಳು ಬಂದವು. ಎರಡನೇ ಮಹಾಯುದ್ಧದಲ್ಲಿ ನೀರಿನಲ್ಲೂ ನೆಲದಲ್ಲೂ ಓಡುವ ಸೇನಾ ಗಾಡಿಗಳು. ಆಮೇಲೆ ಎಂ113, ಸೈನಿಕರನ್ನು ಒಯ್ಯುವ ಕವಚದ ಗಾಡಿ. ಈಗ ಸಾಫ್ಟ್‌ವೇರ್ ಊರು ಅಂತಲೇ ಎಲ್ಲರೂ ಅನ್ನುವ ಕಡೆ ಒಂದು ಕಾಲಕ್ಕೆ ಯುದ್ಧದ ಗಾಡಿ ತಯಾರಾಗುತ್ತಿತ್ತು. ಇದನ್ನು ಇಲ್ಲಿಗೆ ಬರುವ ನಮ್ಮವರಿಗೆಲ್ಲ ಹೇಳುತ್ತಿರುತ್ತೇನೆ.

ಎಕ್ಸ್‌ಆರ್311 ಚೀತಾಕ್ಕಿಂತ ವರ್ಷಗಳ ಮುಂಚಿನದು. ಅದರಲ್ಲೂ ಕ್ರೈಸ್ಲರ್ ವಿ8, ಅದೂ ಹಿಂದೆಯೇ. 1970ರ ದಶಕದ ಮೊದಲಲ್ಲೇ ಸೈನ್ಯ ಅದನ್ನು ಓಡಿಸಿ ನೋಡಿತ್ತು. ಚೀತಾ ನೋಡಲು ಅದರ ತಮ್ಮನ ಹಾಗೇ ಇತ್ತು. ಜಿನೀವಾದಲ್ಲಿ ತೋರಿಸಿದ ಮೇಲೆ ಎಫ್‌ಎಂಸಿ ಕಾನೂನಿನ ಮಾತೆತ್ತಿತು. ಮೊದಲೇ ಕೈಯಲ್ಲಿ ಕಾಸಿಲ್ಲದ ಲ್ಯಾಂಬೋರ್ಗಿನಿಗೆ ಇದೊಂದು ಹೊಸ ತಲೆನೋವು.

ಮೂಡಿಗೆರೆ ಜೀಪು

ಸ್ಯಾನ್ ಹೋಸೆಯವರಿಗೆ ಧನ್ಯವಾದ. ಎಫ್‌ಎಂಸಿಯದು ಔಷಧಿ ಪಂಪಿನ ಮೂಲ ಅಂತ ತೋಟದ ಕಡೆಯವನಾದ ನನಗೇ ಗೊತ್ತಿರಲಿಲ್ಲ, ಓದಿ ಖುಷಿಯಾಯಿತು.

ಕಾಸಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕಂಪನಿ ಕಟ್ಟಿದ ಫೆರುಚ್ಚೊ ಲ್ಯಾಂಬೋರ್ಗಿನಿ ಅಷ್ಟು ಹೊತ್ತಿಗೆ ತಮ್ಮ ಪಾಲು ಮಾರಿ ಹೊರಗೆ ಹೋಗಿದ್ದರು. ಕಂಪನಿ ಬಿಎಂಡಬ್ಲ್ಯು ಎಂ1 ಕಾರು ಮಾಡಿಕೊಡುವ ಕೆಲಸವನ್ನೂ ಒಪ್ಪಿಕೊಂಡಿತ್ತು. ಅದು ತಡವಾಗುತ್ತಲೇ ಹೋಯಿತು. 1978ರಲ್ಲಿ ಬಿಎಂಡಬ್ಲ್ಯು ಕೆಲಸ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಲ್ಯಾಂಬೋರ್ಗಿನಿ ದಿವಾಳಿ.

ಡ್ಯೂನ್ ಬಗ್ಗಿ ಬಗ್ಗೆ ಕೇಳಿದ್ದು ಸರಿಯಾದ ಪ್ರಶ್ನೆ. ಎಂಜಿನ್ ಹಿಂದಿದ್ದ ಮಾತ್ರಕ್ಕೆ ಗಾಡಿ ಕೆಟ್ಟದು ಅಂತ ನಾನು ಹೇಳುವುದಿಲ್ಲ. ಬೀಟಲ್ ಎಂಜಿನ್ ಗಾಳಿಯಲ್ಲಿ ತಣ್ಣಗಾಗುವಂಥದ್ದು, ರೇಡಿಯೇಟರ್ ಬೇಡ, 100 ಕಿಲೋ ಆಸುಪಾಸು ಅಷ್ಟೇ. ಬಗ್ಗಿಯೂ ಹಗುರ, ಮರಳಿನ ಮೇಲೆ ತೇಲಿಕೊಂಡು ಹೋಗುತ್ತದೆ. ಕ್ರೈಸ್ಲರ್ ವಿ8 ಅದರ ಎರಡು ಪಟ್ಟಿಗಿಂತ ಜಾಸ್ತಿ ತೂಕ. ಮುಂದಿನ ಚಕ್ರದ ಮೇಲೆ ಎಷ್ಟು ಭಾರ ಉಳಿಯುತ್ತದೆ ಅನ್ನುವುದನ್ನು ನೋಡಬೇಕು.

ಇದಕ್ಕೆ ಲ್ಯಾಂಬೋರ್ಗಿನಿಯವರೇ ಸಾಕ್ಷಿ. ಮಿಮ್ರಾನ್ ಸಹೋದರರು ಕಂಪನಿ ವಹಿಸಿಕೊಂಡ ಮೇಲೆ 1981ರಲ್ಲಿ ಎಲ್‌ಎಂ001 ತೋರಿಸಿದರು. ಅದರಲ್ಲಿ ಅಮೆರಿಕದ ಎಎಂಸಿ ಕಂಪನಿಯ ವಿ8, ಅದೂ ಹಿಂದೆಯೇ! ಓಡಿಸಿದಾಗ ಮತ್ತೆ ಅದೇ ತೊಂದರೆ. ಆಗ ಮನಸ್ಸು ಗಟ್ಟಿ ಮಾಡಿದರು. ಮಾರನೇ ವರ್ಷ ಬಂದ ಎಲ್‌ಎಂಎ002 ಗಾಡಿಯಲ್ಲಿ ಎಂಜಿನ್ ಮುಂದಕ್ಕೆ ಬಂತು, ಅದೂ ಅವರದೇ ಸ್ಪೋರ್ಟ್ಸ್ ಕಾರು ಕೌಂಟಾಶ್‌ನ ವಿ12. ಎಂಜಿನಿಯರ್ ಜೂಲಿಯೊ ಆಲ್ಫಿಯೆರಿ ಅವರ ಕಾಲದ ಕೆಲಸ ಅದು. ಅದೇ ಬೆಳೆದು 1986ರಲ್ಲಿ ಎಲ್‌ಎಂ002 ಅಂತ ಮಾರಾಟಕ್ಕೆ ಬಂತು. ಸುಮಾರು 300 ಗಾಡಿ ತಯಾರಾದವು. ಒಂಬತ್ತು ವರ್ಷ, ಎರಡು ಸೋತ ಗಾಡಿ, ಒಂದು ದಿವಾಳಿ. ಇಷ್ಟಾದರೂ ಅವರು ಕೈಬಿಡಲಿಲ್ಲ ನೋಡಿ. ಚೀತಾವನ್ನು ಸುಮ್ನೆ ಫೇಲ್ ಗಾಡಿ ಅಂತ ಬರೆದು ಮುಗಿಸುವವರನ್ನು ಕಂಡರೆ ನನಗೆ ಬೇಜಾರು. ಅದರಲ್ಲಿ ಕಲಿತದ್ದು ಎಲ್‌ಎಂ002ರ ಒಳಗೆ ಇದೆ.

ಮಲ್ಪೆಯವರೇ, ಒಂದು ಕೆಲಸ ಮಾಡಿ. ಬ್ಯಾಟರಿಯನ್ನು ಒಮ್ಮೆ ಹಿಂದಿನ ಆಕ್ಸಲ್‌ಗಿಂತ ಆಚೆ ಕಟ್ಟಿ, ಮರಳಿನ ದಿಬ್ಬ ಹತ್ತಿಸಿ. ಆಮೇಲೆ ಮುಂದಕ್ಕೆ ಕಟ್ಟಿ ನೋಡಿ. ಟೈರು, ಸ್ಪೀಡು ಬದಲಿಸಬೇಡಿ.

ಮಲ್ಪೆ ಮರಳು

ಅಣ್ಣ, ಮಾಡಿ ನೋಡಿದೆ. ಒದ್ದೆ ಮರಳಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮೇಲೆ ಒಣ ಮರಳಿನ ದಿಬ್ಬಕ್ಕೆ ಬಿಟ್ಟಾಗ ಗೊತ್ತಾಯಿತು. ಬ್ಯಾಟರಿ ಹಿಂದೆ ಇದ್ದಾಗ ಗಾಡಿ ಹುರುಪಿನಿಂದಲೇ ಹೊರಡುತ್ತದೆ. ಅರ್ಧಕ್ಕೆ ಹೋಗುವಾಗ ಮುಂದಿನ ಚಕ್ರ ಮರಳನ್ನು ಮುಟ್ಟಿಯೂ ಮುಟ್ಟದ ಹಾಗೆ. ಎಡಕ್ಕೆ ತಿರುಗಿಸಿದರೂ ನೆಟ್ಟಗೆ ಹೋಗಿ ಅಡ್ಡ ಬೀಳುತ್ತದೆ. ಮುಂದೆ ಕಟ್ಟಿದಾಗ ಹೊರಡುವುದು ಸ್ವಲ್ಪ ನಿಧಾನ, ಆದರೆ ತಿರುಗಿಸಿದ ಕಡೆಗೆ ತಿರುಗಿ ಮೇಲೆ ಹತ್ತುತ್ತದೆ.

ಈಗ ಒಂದು ಸಂಕಟ. ಬಾಡಿ ಚೀತಾದ್ದು, ಬ್ಯಾಟರಿ ಮುಂದೆ ಇಟ್ಟರೆ ಅದು ಚೀತಾ ಆಗುತ್ತದಾ?

ಮೂಡಿಗೆರೆ ಜೀಪು

ಇಲ್ಲ, ಹಿಂದೆಯೇ ಇಡಿ. ಅಡ್ಡ ಬಿದ್ದರೆ ಬೀಳಲಿ. ಮೂತಿಯನ್ನು ತಗ್ಗಾಗಿ ಮಾಡಿ, ಎಲ್‌ಎಂ002ರ ಹಾಗೆ ಬಾನೆಟ್ ಉಬ್ಬಿಸಬೇಡಿ. ಆ ಉಬ್ಬು ಬಂದದ್ದೇ ವಿ12 ಮುಂದೆ ಕೂತ ಮೇಲೆ. ಹತ್ತಿಸುವ ಗಾಡಿ ಬೇಕಿದ್ದರೆ ಎಲ್‌ಎಂ002ರದ್ದು ಇನ್ನೊಂದು ಬಾಡಿ ಮಾಡಿ, ಅದೇ ಚಾಸಿಗೆ ಕೂರುವ ಹಾಗೆ. ಬಾಡಿ ಬದಲಿಸಿದಾಗ ಬ್ಯಾಟರಿಯನ್ನೂ ಸರಿಸಲು ಎರಡೂ ಕಡೆ ಕ್ಲಿಪ್ ಹಾಕಿಬಿಡಿ. ಮುಗಿದ ಮೇಲೆ ಎರಡರ ಫೋಟೋನೂ ಹಾಕಿ, ಹಿಂದಿನಿಂದ ತೆಗೆದದ್ದು ಒಂದಾದರೂ ಇರಲಿ.