ನಾಲಿಗೆ ಉಜ್ಜುವುದೋ, ಕೆರೆಯುವುದೋ, ಹೆರೆಯುವುದೋ?

ಉಡುಪಿಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ದಿನಚರ್ಯೆಯ ಕೈಪಿಡಿಯೊಂದರ ಕರಡಿನಲ್ಲಿ ‘ಜಿಹ್ವಾನಿರ್ಲೇಖನ’ಕ್ಕೆ ಒಂದು ಕಡೆ ‘ನಾಲಿಗೆ ಉಜ್ಜುವುದು’, ಇನ್ನೊಂದು ಕಡೆ ‘ಕೆರೆಯುವುದು’, ಮತ್ತೊಂದು ಕಡೆ ‘ಹೆರೆಯುವುದು’ ಎಂದಿದೆ. ಯಾವುದನ್ನು ಉಳಿಸಲಿ? ಚರಕಸಂಹಿತೆಯ ‘ತ್ರಪುರೀತಿಮಯಾನಿ’ಗೆ ‘ಮೂರು ಪುರದ ರೀತಿಯವು’ ಎಂದು ಅರ್ಥ ಬರೆದಿದ್ದಾರೆ, ಅದೂ ತಲೆಗೆ ಹೋಗಲಿಲ್ಲ.

ಮಂಗಳೂರಿನಿಂದ ಉತ್ತರ:

ಎರಡನೆಯದು ಸುಲಭ, ಮೊದಲು ಅದನ್ನೇ ಮುಗಿಸೋಣ. ಅಲ್ಲಿ ಪುರವೂ ಇಲ್ಲ, ನಾವು ದಿನಾ ಹೇಳುವ ‘ಆ ರೀತಿ ಈ ರೀತಿ’ಯೂ ಇಲ್ಲ. ತ್ರಪು ಎಂದರೆ ತವರ, ರೀತಿ ಎಂದರೆ ಹಿತ್ತಾಳೆ. ಚರಕಸಂಹಿತೆಯ ಸೂತ್ರಸ್ಥಾನ ಎಂಬ ಭಾಗದ 5ನೇ ಅಧ್ಯಾಯ, ನಾಲಿಗೆ ಶುಚಿಮಾಡುವ ಸಾಧನ ಯಾವುದರದ್ದಿರಬೇಕು ಎನ್ನುವಲ್ಲಿ, ಚಿನ್ನ, ಬೆಳ್ಳಿ, ತಾಮ್ರದ ಜೊತೆ ಇವೆರಡನ್ನೂ ಹೇಳುತ್ತದೆ. ಅದೇ ಶ್ಲೋಕದ ‘ಅತೀಕ್ಷ್ಣ’ವನ್ನು ಕರಡಿನಲ್ಲಿ ಹೇಗೆ ಬಿಡಿಸಿದ್ದಾರೆ ನೋಡಿ. ಅದು ಅ + ತೀಕ್ಷ್ಣ, ಅಂದರೆ ಹರಿತವಲ್ಲದ್ದು. ‘ಅತಿ ತೀಕ್ಷ್ಣ’ ಎಂದು ಓದಿದ್ದರೆ ಓದುಗರ ನಾಲಿಗೆಯ ಗತಿ ದೇವರಿಗೇ ಪ್ರೀತಿ! ಅಲ್ಲೇ ಬರುವ ‘ಅನೃಜು’ ಎಂದರೆ ನೇರವಲ್ಲದ್ದು, ಬಾಗಿದ್ದು. ಆ ಶ್ಲೋಕದಲ್ಲಿ ‘ನಿರ್ಲೇಖನ’ ಸಾಧನದ ಹೆಸರು, ಕ್ರಿಯೆಯದ್ದಲ್ಲ. ಸಾಧನಕ್ಕೆ ‘ನಾಲಿಗೆ ಪಟ್ಟಿ’ ಎಂದರೆ ಸಾಕು.

ಇನ್ನು ಕ್ರಿಯಾಪದ. ಸಂಸ್ಕೃತದ ಲಿಖ್ ಧಾತುವಿಗೆ ಗೀರು, ಕೆರೆ ಎಂಬ ಅರ್ಥವಿದೆ. ಬರೆಯುವ ಲೇಖನಿಯೂ ಅದೇ ಬೇರಿನದು. ಆ ಲೆಕ್ಕದಲ್ಲಿ ‘ಕೆರೆ’ ತಪ್ಪಲ್ಲ. ಆದರೆ ಕೆರೆ ಎಂದೊಡನೆ ತುರಿಕೆ, ಉಗುರು ನೆನಪಾಗುತ್ತವೆ. ‘ಹೆರೆ’ ಎಂದರೆ ನಮ್ಮ ಕಡೆ ಹೆರೆಮಣೆ, ತೆಂಗಿನಕಾಯಿ; ತಿರುಳೇ ಕಿತ್ತು ಬರಬೇಕು. ‘ಉಜ್ಜು’ವುದು ಹಿಂದಕ್ಕೂ ಮುಂದಕ್ಕೂ. ಮಾಡಬೇಕಾದ ಕೆಲಸ ಈ ಮೂರೂ ಅಲ್ಲ. ರುಬ್ಬುವ ಕಲ್ಲಿಗೆ ಅಂಟಿದ ಹಿಟ್ಟನ್ನು ಅಂಗೈ ಅಂಚಿನಿಂದ ಬಳಿದು ತೆಗೆಯುತ್ತೇವಲ್ಲ, ಇದೂ ಹಾಗೆಯೇ: ಮೇಲಿನದ್ದಷ್ಟೇ ಬರಬೇಕು, ಒಂದೇ ದಿಕ್ಕಿಗೆ. ನನ್ನ ಮತ ‘ಬಳಿದು ತೆಗೆಯಿರಿ’ಗೆ.

ವಿಧಾನವನ್ನೂ ಹಾಗೇ ಬರೆಯಬಹುದು: ಹಲ್ಲುಜ್ಜಿದ ಮೇಲೆ ನಾಲಿಗೆ ಚಾಚಿ, ಪಟ್ಟಿಯ ಎರಡು ತುದಿ ಎರಡು ಕೈಯಲ್ಲಿ ಹಿಡಿದು, ಓಕರಿಕೆ ಬಾರದಷ್ಟು ಹಿಂದೆ ಇಟ್ಟು, ಹಗುರವಾಗಿ ಮುಂದಕ್ಕೆ ಎಳೆಯುವುದು. ಪ್ರತಿ ಸಲ ಪಟ್ಟಿ ತೊಳೆದು ಐದಾರು ಸಲ ಎಳೆದರೆ ಸಾಕು, ಆಮೇಲೆ ಬಾಯಿ ಮುಕ್ಕಳಿಸುವುದು. ತುದಿಯನ್ನಷ್ಟೇ ಬಳಿದರೆ ವಾಸನೆ ಹೋಗದು. ಚರಕ ಹೇಳುವುದೂ ‘ಜಿಹ್ವಾಮೂಲಗತ’ ಮಲವನ್ನೇ, ಅಂದರೆ ನಾಲಿಗೆಯ ಬುಡದ ಕೊಳೆಯನ್ನು. ರಕ್ತ ಕಂಡರೆ ಒತ್ತಿದ್ದು ಹೆಚ್ಚಾಯಿತು, ಇಲ್ಲವೇ ಅಂಚಿನಲ್ಲಿ ಮುಳ್ಳೆದ್ದಿದೆ. ಹೊಸ ಪಟ್ಟಿಯ ಅಂಚನ್ನು ಬೆರಳಿನಿಂದ ಸವರಿ ನೋಡಿಯೇ ಬಾಯಿಗಿಡಬೇಕು. ಬಾಯಿಹುಣ್ಣಿದ್ದಾಗ ಬೇಡ. ತಾಮ್ರಕ್ಕೆ ಹಸಿರು ಕಿಲುಬು ಹಿಡಿದರೆ ಹುಣಸೆಹುಳಿಯೋ ಬಿಂಬುಳಿಯೋ ಹಾಕಿ ತಿಕ್ಕಿ, ತೊಳೆದು, ಒರೆಸಿಡಬೇಕು. ಈ ಕರಾವಳಿಯ ಹವೆಯಲ್ಲಿ ಒದ್ದೆ ಬಿಟ್ಟರೆ ಕಿಲುಬು ಬೇಗ ಬರುತ್ತದೆ.

ಉಡುಪಿಯಿಂದ ಮತ್ತೆ:

ಕರಡಿನಲ್ಲಿ ‘ಅತಿ ಹರಿತವಾದ’ ಎಂದೇ ಇತ್ತು! ತಿದ್ದಿದೆ. ಹಿಡಿಸೂಡಿಗೆ ಹಾಕುವ ತೆಂಗಿನ ಗರಿಯ ಕಡ್ಡಿಯನ್ನು ಹಸಿಯಿರುವಾಗಲೇ ಉದ್ದಕ್ಕೆ ಸೀಳಿ, ಬಾಗಿಸಿ ನಾಲಿಗೆಗೆ ಬಳಸುವುದಕ್ಕೆ ಶಾಸ್ತ್ರದಲ್ಲಿ ಮಾತಿದೆಯೇ?

ಮಂಗಳೂರಿನಿಂದ:

ತೆಂಗಿನ ಕಡ್ಡಿಯ ಹೆಸರೆತ್ತಿಲ್ಲ. ಆದರೆ ಸುಶ್ರುತ ಚಿಕಿತ್ಸಾಸ್ಥಾನದ 24ನೇ ಅಧ್ಯಾಯದಲ್ಲಿ ಬೆಳ್ಳಿ, ಚಿನ್ನದ ಜೊತೆ ‘ವಾರ್ಕ್ಷ’ವನ್ನೂ, ಅಂದರೆ ಮರದ್ದನ್ನೂ, ಒಪ್ಪುತ್ತಾನೆ. ಮೃದು, ನುಣುಪು, ಉದ್ದ ಹತ್ತು ಅಂಗುಲ (ಬೆರಳಗಲದ ಲೆಕ್ಕ, ಇಂಚಲ್ಲ). ಒಣಗಿದ ಕಡ್ಡಿ ಬೇಡ, ಬಾಗಿಸುವಾಗ ಮುರಿದು ಸಿಬಿರೇಳುತ್ತದೆ.