ಕುಕ್ಕರ್ ಕೂಗಲ್ಲ, ಸೇಫ್ಟಿ ವಾಲ್ವ್ ಮಾತ್ರ ಹೋಗ್ತಾನೇ ಇದೆ

ಮಂಡ್ಯದ_ಮುದ್ದೆ: ತಲೆ ಕೆಟ್ಟುಹೋಗಿದೆ. ಕುಕ್ಕರ್ ಕೂಗುವುದೇ ಇಲ್ಲ. ತಿಂಗಳಲ್ಲಿ ಎರಡು ಸಲ ಸೇಫ್ಟಿ ವಾಲ್ವ್ ಹೋಯಿತು. ನಿನ್ನೆ ಸಾರೆಲ್ಲ ಸೂರಿಗೆ ಚಿಮ್ಮಿ, ಕ್ಯಾಲೆಂಡರ್ ಮೇಲೆ ಇಳಿಯಿತು. ಹೆಂಡತಿ ಅಡುಗೆಮನೆಗೇ ಬರುತ್ತಿಲ್ಲ. ಏನು ಮಾಡಲಿ?

ಒಗ್ಗರಣೆ_ಮೈಸೂರು: ಗ್ಯಾಸ್ಕೆಟ್ ಸಾರ್. ಕಣ್ಣು ಮುಚ್ಚಿಕೊಂಡು ಬದಲಾಯಿಸಿ.

ಮಂಡ್ಯದ_ಮುದ್ದೆ: ಹೋದ ವಾರವೇ ಹೊಸದು ಹಾಕಿದೆ.

ಒಗ್ಗರಣೆ_ಮೈಸೂರು: ಹಾಗಾದರೆ ಡೂಪ್ಲಿಕೇಟ್. ಇಲ್ಲಾಂದ್ರೆ ಅಳತೆ ತಪ್ಪಿದೆ. ಹತ್ತು ನಿಮಿಷ ಫ್ರೀಜರ್‌ನಲ್ಲಿ ಇಟ್ಟು ಹಾಕಿ ನೋಡಿ.

ಸ್ಟೀಲ್‌ಪ್ರಿಯ: ಅಲ್ಯೂಮಿನಿಯಂ ಬಿಡಿ, ಸ್ಟೀಲ್ ತಗೊಳ್ಳಿ. ನನ್ನ ಹತ್ತಿರ 2, 3, 5 ಲೀಟರ್ ಮೂರೂ ಇವೆ. ಇಂಡಕ್ಷನ್‌ಗೂ ಆಗುತ್ತೆ.

ಅಜ್ಜಿಮನೆ: ಸ್ಟೀಲ್ ತಳ ಹಿಡಿಯುತ್ತೆ. ನಮ್ಮದು ಅಲ್ಯೂಮಿನಿಯಂ, 20 ವರ್ಷದ್ದು. ಕಪ್ಪಾಗದಿರಲಿ ಅಂತ ತಳದ ನೀರಿಗೆ ಚೂರು ಹುಣಸೆಹಣ್ಣು ಹಾಕ್ತೀನಿ, ಅಷ್ಟೇ.

ಸ್ಟೀಲ್‌ಪ್ರಿಯ: ದಪ್ಪ ತಳದ್ದು ತಗೊಂಡ್ರೆ ಹಿಡಿಯಲ್ಲ ಮೇಡಂ.

ಲೇತ್_ಗುರು: ಅವರು ಕೇಳಿದ್ದೇನು, ನೀವು ಹೇಳ್ತಿರೋದೇನು? ಗ್ಯಾಸ್ಕೆಟ್ ಸೋರಿದರೆ ಒತ್ತಡವೇ ಏರಲ್ಲ. ನೀರು ಬತ್ತಿ ಬರಿ ಪಾತ್ರೆ ಕಾದರೂ ವಾಲ್ವ್ ಹೋಗುತ್ತೆ, ನಿಜ. ಆದರೆ ಸಾರು ಚಿಮ್ಮಿದೆ ಅಂದ್ರೆ ನೀರಿತ್ತು. ಮುದ್ದೆಯವರೇ, ಒಳಗೇನಿತ್ತು? ಎಷ್ಟು ತುಂಬಿದ್ರಿ? ವೆಯ್ಟ್ ಯಾವಾಗ ಇಟ್ರಿ?

ಮಂಡ್ಯದ_ಮುದ್ದೆ: ಹುರುಳಿಕಾಳು, ಬಸ್ಸಾರಿಗೆ. 5 ಲೀಟರ್ ಕುಕ್ಕರ್, ಮುಕ್ಕಾಲು ತುಂಬಿತ್ತು. ವೆಯ್ಟ್ ಮುಚ್ಚಳದ ಜೊತೆಗೇ. ಅದನ್ನೆಲ್ಲ ಹೇಳಬೇಕಾ? ಕೂಗದೇ ಇದ್ದಾಗ ಚಮಚದಲ್ಲಿ ವೆಯ್ಟ್ ಎತ್ತಿದೆ, ಉಸಿರೂ ಬರಲಿಲ್ಲ. ಒತ್ತಡ ಇಲ್ಲ ಅಂದ್ಕೊಂಡು ಮುಚ್ಚಳಕ್ಕೆ ಕೈ ಹಾಕೋಣ ಅಂತಿದ್ದೆ, ಅಷ್ಟರಲ್ಲಿ ಢಂ.

ಲೇತ್_ಗುರು: ಬಚಾವಾದ್ರಿ! ವೆಯ್ಟ್ ಕೂರುವ ಕೊಳವೆ ಕಟ್ಟಿದೆ. ಒತ್ತಡ ಒಳಗೇ ಇತ್ತು, ದಾರಿ ಇರಲಿಲ್ಲ. ಒಳಗೆ 120 ಡಿಗ್ರಿ ಹತ್ತಿರ ಇರುತ್ತೆ, ತಮಾಷೆ ಅಲ್ಲ. ಪೂರ್ತಿ ತಣ್ಣಗಾಗದೆ ಮುಚ್ಚಳ ಮುಟ್ಟಬೇಡಿ. ಕಾಳು ಉಕ್ಕುತ್ತೆ, ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಮುಚ್ಚಳ ಬೆಳಕಿಗೆ ಹಿಡಿದರೆ ಕೊಳವೆಯಿಂದ ಆ ಕಡೆ ಕಾಣಬೇಕು. ಆವಿ ಜೋರಾಗಿ ಬಂದ ಮೇಲೇ ವೆಯ್ಟ್ ಇಡಿ. ಬರದಿದ್ದರೆ ಒಲೆ ಆರಿಸಿ. ವಾಲ್ವ್ ಮಾತ್ರ ಕುಕ್ಕರ್ ಕಂಪನಿಯದ್ದೇ ಹಾಕಿಸಿ.

ಮಂಡ್ಯದ_ಮುದ್ದೆ: ಬಲ್ಬಿಗೆ ಹಿಡಿದೆ, ಕತ್ತಲೆ. ಪೊರಕೆ ಕಡ್ಡಿ ಚುಚ್ಚಿದರೆ ಹುರುಳಿ ಸಿಪ್ಪೆ ಬಂತು, ಜೊತೆಗೆ ಸುಣ್ಣದಂಥ ಬಿಳಿ ಹುಡಿ. ನಮ್ಮದು ಬೋರ್ ನೀರು.

ಒಗ್ಗರಣೆ_ಮೈಸೂರು: ಆದರೂ ಗ್ಯಾಸ್ಕೆಟ್ ಒಂದ್ಸಲ ನೋಡಿ ಸಾರ್.

ಸ್ಟೀಲ್‌ಪ್ರಿಯ: ಬೋರ್ ನೀರಾ? ನಮ್ಮನೆ ಫಿಲ್ಟರ್ ಫೋಟೋ ಹಾಕ್ತೀನಿ, ಇರಿ.