ಮಣಿಯ ಬ್ರೇಸ್‌ಲೆಟ್ ಹರಿಯದಂತೆ ಪೋಣಿಸುವುದು ಹೇಗೆ? ಹೊಸಬರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ನಮಸ್ಕಾರ ಮೇಡಂ. ಎರಡು ತಿಂಗಳಿಂದ ಮನೆಯಲ್ಲೇ ಮಣಿಯ ಬ್ರೇಸ್‌ಲೆಟ್ ಪೋಣಿಸುವುದನ್ನು ಕಲಿಯುತ್ತಿದ್ದೇನೆ. 8 ಮಿ.ಮೀ. ಅಳತೆಯ ಅಕೀಕ್ (ಅಗೇಟ್) ಕಲ್ಲಿನ ಮಣಿಗಳನ್ನು ತರಿಸಿಕೊಂಡು, ಪಾರದರ್ಶಕ ಎಲಾಸ್ಟಿಕ್ ದಾರದಲ್ಲಿ ಪೋಣಿಸಿ ನಾದಿನಿಗೆ ಕೊಟ್ಟಿದ್ದೆ. ಮೂರನೆಯ ವಾರ ಮದುವೆ ಮನೆಯಲ್ಲಿ ಅದು ಹರಿದು ಮಣಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಗಂಟು ಬಿಚ್ಚಿರಲಿಲ್ಲ, ದಾರವೇ ನಡುವೆ ತುಂಡಾಗಿತ್ತು. ದಾರ ಕಳಪೆಯದೋ ಅಥವಾ ನನ್ನ ಕೆಲಸದಲ್ಲೇ ತಪ್ಪಿದೆಯೋ? ಹೊಸಬರು ಮೊದಲು ಏನೇನು ಕೊಳ್ಳಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಮಸ್ಕಾರ. ಗಂಟು ಉಳಿದು ದಾರ ತುಂಡಾಗಿದೆ ಎಂಬುದನ್ನು ನೀವು ಗಮನಿಸಿ ಬರೆದಿರುವುದರಿಂದಲೇ ಕಾರಣ ಹೇಳುವುದು ಸುಲಭವಾಯಿತು. ನಿಮ್ಮ ದಾರವನ್ನು ಕತ್ತರಿಸಿರುವುದು ಬಹುಮಟ್ಟಿಗೆ ಮಣಿಯ ತೂತಿನ ಅಂಚು. ಕಲ್ಲಿನ ಮಣಿಗಳನ್ನು ಸಾಮಾನ್ಯವಾಗಿ ಎರಡೂ ತುದಿಗಳಿಂದ ಕೊರೆಯುತ್ತಾರೆ. ಎರಡು ಕೊರೆತಗಳು ಕೂಡುವ ನಡುಭಾಗದಲ್ಲಿ ಕಣ್ಣಿಗೆ ಕಾಣದ ಸಣ್ಣ ಮೆಟ್ಟಿಲು ಉಳಿದಿರಬಹುದು, ತೂತಿನ ಬಾಯಲ್ಲಿ ಚಕ್ಕೆ ಎದ್ದಿರಬಹುದು. ಅಕೀಕ್ ಗಾಜಿಗಿಂತಲೂ ಗಟ್ಟಿಯಾದ ಕಲ್ಲು. ಕಲ್ಲುಗಳ ಗಡಸುತನ ಅಳೆಯುವ 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ ಅದರ ಕಾಠಿಣ್ಯ 6.5ರಿಂದ 7. ಅಂಥ ಹರಿತವಾದ ಅಂಚಿನ ಮೇಲೆ ಮೆತ್ತನೆಯ ಎಲಾಸ್ಟಿಕ್ ದಿನಕ್ಕೆ ಹತ್ತಾರು ಬಾರಿ ಹಿಗ್ಗಿ ಕುಗ್ಗಿದರೆ ಅದು ಸವೆದು ಹೋಗುವುದು ಸಹಜ. ಇದಕ್ಕೆ ಭಾರವೂ ಸೇರುತ್ತದೆ. 8 ಮಿ.ಮೀ.ನ 23 ಅಕೀಕ್ ಮಣಿಗಳು ಸುಮಾರು 16 ಗ್ರಾಂ ತೂಗುತ್ತವೆ. ಅದೇ ಅಳತೆಯ ಮರದ ಮಣಿಗಳಾದರೆ ಎಲ್ಲ ಸೇರಿ 4 ಗ್ರಾಂ ಆಸುಪಾಸು.

ಹೊಸದಾಗಿ ಕಲಿಯುವವರು ಮಣಿಯ ಬಣ್ಣ ನೋಡಿ ಮನಸೋತು, ದಾರವನ್ನು ಕೊನೆಗೆ ಸಿಕ್ಕಿದ್ದರಲ್ಲಿ ಆರಿಸುತ್ತಾರೆ. ಇಪ್ಪತ್ತು ವರ್ಷ ಇದೇ ಕೆಲಸದಲ್ಲಿರುವ ನಾನು ಯಾವ ಮಣಿ ಕೈಗೆ ಬಂದರೂ ಮೊದಲು ನೋಡುವುದು ಅದರ ತೂತನ್ನು. ದಾರ ಯಾವುದು, ಎಷ್ಟು ದಪ್ಪ, ಎಂಥ ಗಂಟು ಎಂಬುದೆಲ್ಲ ಆ ತೂತಿನಿಂದಲೇ ತೀರ್ಮಾನವಾಗುತ್ತದೆ. ನೀವು ಹೀಗೆ ಪರೀಕ್ಷಿಸಿ: ಹೊಲಿಗೆಯ ಹತ್ತಿ ದಾರವನ್ನು ಮಣಿಯೊಳಗೆ ತೂರಿಸಿ, ಅಂಚಿಗೆ ಒತ್ತಿ ಹಿಡಿದು ಹತ್ತು ಬಾರಿ ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ದಾರದ ಎಳೆ ಎದ್ದರೆ ಆ ಮಣಿಯನ್ನು ಎಲಾಸ್ಟಿಕ್‌ಗೆ ಬಳಸಬೇಡಿ. ವಜ್ರದ ಪುಡಿ ಲೇಪಿಸಿದ ಸೂಜಿಯಂಥ ಅರದಿಂದ ತೂತಿನ ಬಾಯನ್ನು ಉಜ್ಜಿ ನುಣುಪು ಮಾಡಬಹುದು. ಆದರೆ ಬಟ್ಟಲಿನ ನೀರಿನೊಳಗೆ ಮಣಿಯನ್ನು ಮುಳುಗಿಸಿ ಹಿಡಿದೇ ಉಜ್ಜಬೇಕು. ಅಕೀಕ್‌ನ ಧೂಳು ಸಿಲಿಕಾ ಧೂಳು. ಗುಜರಾತಿನ ಖಂಭಾತಿನಲ್ಲಿ ಈ ಕಲ್ಲನ್ನು ಅರೆದು ಮಣಿ ಮಾಡುವ ಕಾರ್ಮಿಕರು ಅದೇ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾಗಿದ್ದಾರೆ. ನಾಲ್ಕು ಮಣಿ ಉಜ್ಜುವುದಕ್ಕೆ ಇಷ್ಟು ಎಚ್ಚರ ಬೇಕೇ ಎನ್ನಿಸಬಹುದು, ಆದರೆ ಅಭ್ಯಾಸ ಮೊದಲ ದಿನದಿಂದಲೇ ಸರಿಯಾಗಿರಲಿ.

ಕೊಳ್ಳಬೇಕಾದದ್ದು ಹೆಚ್ಚೇನಿಲ್ಲ. ಅಳತೆಯ ಟೇಪು, ಹರಿತವಾದ ಸಣ್ಣ ಕತ್ತರಿ, 0.7 ಅಥವಾ 0.8 ಮಿ.ಮೀ. ಎಲಾಸ್ಟಿಕ್, ಆಭರಣಕ್ಕೆಂದೇ ಸಿಗುವ ಒಣಗಿದ ಮೇಲೂ ಬಾಗುವಂಥ ಅಂಟು, 6ರಿಂದ 8 ಮಿ.ಮೀ. ಗಾಜಿನ ದುಂಡು ಮಣಿಗಳು. ಊಟದ ತಟ್ಟೆಯಲ್ಲಿ ಹಳೆಯ ಟರ್ಕಿ ಟವೆಲ್ ಮಡಿಸಿ ಹಾಕಿಕೊಂಡರೆ ಮಣಿಗಳು ಉರುಳುವುದಿಲ್ಲ. ಸಾಸಿವೆಯಂಥ ಸಣ್ಣ ಮಣಿಗಳಿಂದ ಆರಂಭಿಸಬೇಡಿ. ಅವುಗಳ ಪೊಟ್ಟಣದ ಮೇಲೆ 6/0, 8/0, 11/0 ಎಂದು ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ಮಣಿ ಚಿಕ್ಕದು: 6/0 ಎಂದರೆ ಸುಮಾರು 4 ಮಿ.ಮೀ., 11/0 ಎಂದರೆ ಸುಮಾರು 2 ಮಿ.ಮೀ.

ಅದೇ ಸದಸ್ಯೆ: ಧನ್ಯವಾದಗಳು ಮೇಡಂ. ಹತ್ತಿ ದಾರದಿಂದ ಪರೀಕ್ಷಿಸಿದೆ. 23 ಮಣಿಗಳಲ್ಲಿ ಐದರಲ್ಲಿ ಎಳೆ ಎದ್ದಿತು. ಅವನ್ನು ತೆಗೆದಿಟ್ಟು, ಉಳಿದವುಗಳ ನಡುವೆ ಗಾಜಿನ ಮಣಿ ಸೇರಿಸಿ ಪೋಣಿಸಿದರೆ ಈಗ ಗಂಟೇ ಜಾರುತ್ತಿದೆ. ಸೂಪರ್ ಗ್ಲೂ ಹಾಕಿದರೂ ನಿಲ್ಲಲಿಲ್ಲ.

ಉತ್ತರ: ಪಾರದರ್ಶಕ ಎಲಾಸ್ಟಿಕ್‌ನ ಮೈ ನುಣುಪು, ಆದ್ದರಿಂದ ನಾವು ಹೂಮಾಲೆಗೆ ಹಾಕುವಂಥ ಸಾಮಾನ್ಯ ಗಂಟು ಅದರಲ್ಲಿ ನಿಲ್ಲುವುದಿಲ್ಲ. ಪೋಣಿಸುವ ಮೊದಲೇ ದಾರದ ತುಂಡನ್ನು ಎರಡು ಕೈಯಲ್ಲಿ ಹಿಡಿದು ಹತ್ತು ಹನ್ನೆರಡು ಬಾರಿ ಮೆಲ್ಲಗೆ ಎಳೆದು ಬಿಡಿ. ಹಾಗೆ ಮಾಡದಿದ್ದರೆ ಕೈಗೆ ಹಾಕಿದ ಮೇಲೆ ಅದು ಹಿಗ್ಗಿ, ಮಣಿಗಳ ನಡುವೆ ಸಂದು ಕಾಣತೊಡಗುತ್ತದೆ. ಪೋಣಿಸಿಯಾದ ಮೇಲೆ ಎಡಗೈಯ ಎಳೆಯನ್ನು ಬಲಗೈಯ ಎಳೆಯ ಮೇಲೆ ತಂದು, ಒಂದು ಸುತ್ತಿಗೆ ಬದಲಾಗಿ ಎರಡು ಸುತ್ತು ಸುತ್ತಿ ಬಿಗಿಯಿರಿ. ಈ ಎರಡನೆಯ ಸುತ್ತೇ ಮುಖ್ಯ, ಅದರಿಂದಾಗಿ ಕೈ ಬಿಟ್ಟರೂ ಬಿಗಿ ಸಡಿಲವಾಗುವುದಿಲ್ಲ. ಬಳಿಕ ಬಲದಿಂದ ಎಡಕ್ಕೆ, ಅಂದರೆ ಮೊದಲಿನದಕ್ಕೆ ವಿರುದ್ಧವಾಗಿ, ಮತ್ತೊಂದು ಗಂಟು ಹಾಕಿ. ಎರಡು ಬಾರಿಯೂ ಒಂದೇ ದಿಕ್ಕಿನಲ್ಲಿ ಹಾಕಿದ ಗಂಟು ಓರೆಯಾಗಿ ತಿರುಗಿ ಜಾರಿಬಿಡುತ್ತದೆ. ನಿಮ್ಮದು ಜಾರುತ್ತಿರುವುದಕ್ಕೆ ಕಾರಣ ಇದೇ ಇರಬೇಕು. ವೈದ್ಯರು ಹೊಲಿಗೆ ಹಾಕುವಾಗ ಬಳಸುವ ಗಂಟಿನ ಕ್ರಮವೂ ಇದೇ, ಅದಕ್ಕಾಗಿ ಇದನ್ನು ಸರ್ಜನ್ ಗಂಟು ಎನ್ನುತ್ತಾರೆ. ಬಿಗಿಯುವಾಗ ಎರಡು ತುದಿಗಳನ್ನಷ್ಟೇ ಎಳೆಯದೆ, ಬ್ರೇಸ್‌ಲೆಟ್ಟನ್ನೂ ಸ್ವಲ್ಪ ಹಿಗ್ಗಿಸಿ ಹಿಡಿದರೆ ಗಂಟು ಸರಿಯಾಗಿ ಕೂರುತ್ತದೆ.

ಸೂಪರ್ ಗ್ಲೂ ಬೇಡ. ಅದು ಗಾಜಿನಂತೆ ಗಡುಸಾಗಿ ಒಣಗುವುದರಿಂದ, ಹಿಗ್ಗಬೇಕಾದ ಎಲಾಸ್ಟಿಕ್ ಆ ಜಾಗದಲ್ಲಿ ಹಿಗ್ಗದೆ ಬಿರಿಯುತ್ತದೆ. ಬಾಗುವ ಅಂಟಿನ ಒಂದು ಹನಿಯನ್ನು ಸೂಜಿಯ ತುದಿಯಿಂದ ಗಂಟಿಗೆ ಮುಟ್ಟಿಸಿ, ರಾತ್ರಿಯಿಡೀ ಒಣಗಲು ಬಿಡಿ. ಆಮೇಲೆ ತುದಿಗಳನ್ನು 3 ಮಿ.ಮೀ. ಉಳಿಸಿ ಕತ್ತರಿಸಿ, ತೂತು ದೊಡ್ಡದಿರುವ ಮಣಿಯೊಳಗೆ ಗಂಟನ್ನು ಎಳೆದುಕೊಳ್ಳಿ. ಇದಕ್ಕಾಗಿ ಪ್ರತಿ ಬ್ರೇಸ್‌ಲೆಟ್‌ನಲ್ಲೂ ದೊಡ್ಡ ತೂತಿನ ಒಂದು ಮಣಿಯನ್ನು ಬೇಕೆಂದೇ ಸೇರಿಸಿ, ಅದರ ಪಕ್ಕದಿಂದಲೇ ಪೋಣಿಸಲು ಆರಂಭಿಸಬೇಕು.

ಪ್ರಶ್ನೆ (ಧಾರವಾಡದ ಸದಸ್ಯ): ಮೇಡಂ, ಮಗಳ ಮಣಿಕಟ್ಟು 16 ಸೆಂ.ಮೀ. ಇದೆ ಎಂದು ಅಳೆದು ಸರಿಯಾಗಿ 16 ಸೆಂ.ಮೀ. ಉದ್ದಕ್ಕೆ ಪೋಣಿಸಿದರೆ ಕೈಗೆ ಒತ್ತುತ್ತದೆ. ಲೆಕ್ಕ ಎಲ್ಲಿ ತಪ್ಪಿತು?

ಉತ್ತರ: ಅಳತೆ ತಪ್ಪಿಲ್ಲ, ಮಣಿಯ ದಪ್ಪವನ್ನು ಲೆಕ್ಕಕ್ಕೆ ಹಿಡಿದಿಲ್ಲ ಅಷ್ಟೆ. ನೀವು ಪೋಣಿಸಿದ 16 ಸೆಂ.ಮೀ. ಮಣಿಗಳ ನಡುಗೆರೆಯ ಉದ್ದ. ಕೈಗೆ ತಾಗುವುದು ಒಳಸುತ್ತು. ಮಣಿ ದಪ್ಪವಾದಷ್ಟೂ ಒಳಸುತ್ತು ಕಿರಿದಾಗುತ್ತದೆ. 3–4 ಮಿ.ಮೀ. ಮಣಿಗೆ ಮಣಿಕಟ್ಟಿನ ಅಳತೆಗಿಂತ 1 ಸೆಂ.ಮೀ. ಹೆಚ್ಚು, 8 ಮಿ.ಮೀ.ಗೆ 2 ಸೆಂ.ಮೀ. ಹೆಚ್ಚು, 10–12 ಮಿ.ಮೀ.ಗೆ 2.5ರಿಂದ 3 ಸೆಂ.ಮೀ. ಹೆಚ್ಚು ಉದ್ದ ಇರಲಿ. ನಿಮ್ಮ ಮಗಳಿಗೆ 8 ಮಿ.ಮೀ. ಮಣಿಗಳಾದರೆ 18 ಸೆಂ.ಮೀ., ಅಂದರೆ 22 ಅಥವಾ 23 ಮಣಿಗಳು. ಗಂಟು ಹಾಕುವ ಮೊದಲು ಎರಡು ತುದಿಗಳನ್ನು ಕ್ಲಿಪ್‌ನಿಂದ ಹಿಡಿದು ಕೈಗೆ ಸುತ್ತಿ ನೋಡುವುದನ್ನು ಮಾತ್ರ ಬಿಡಬೇಡಿ.

ಪ್ರಶ್ನೆ (ರಾಮನಗರದ ಸದಸ್ಯೆ): ಅಕ್ಕ, ನಾನು ಚನ್ನಪಟ್ಟಣದ ಬಣ್ಣದ ಮರದ ಮಣಿಗಳಲ್ಲಿ ಬ್ರೇಸ್‌ಲೆಟ್ ಮಾಡಿ ಅಂಗನವಾಡಿಯ ಗೆಳತಿಯರಿಗೆ ಕೊಟ್ಟಿದ್ದೆ. ಒಬ್ಬರ ಮಣಿಗಳು ಅಂಟು ಅಂಟಾಗಿ ಹೊಳಪು ಕಳೆದುಕೊಂಡಿವೆ. ಮಣಿಯಲ್ಲೇ ದೋಷವಿರಬಹುದೇ?

ಉತ್ತರ: ಅವರು ಕೈಗೆ ಸ್ಯಾನಿಟೈಸರ್ ಹಚ್ಚುತ್ತಾರೆಯೇ ಎಂದು ವಿಚಾರಿಸಿ ನೋಡಿ. ಚನ್ನಪಟ್ಟಣದ ಮಣಿಯ ಮೇಲಿರುವುದು ಪೇಂಟ್ ಅಲ್ಲ, ಅರಗು. ಆಲೆ ಮರದ ತುಂಡನ್ನು ಚರಕಿಗೆ (ಮರವನ್ನು ತಿರುಗಿಸಿ ಕಡೆಯುವ ಯಂತ್ರಕ್ಕೆ) ಕೂರಿಸಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ, ಆಮೇಲೆ ತಾಳೆಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಮದ್ಯಸಾರದಲ್ಲಿ ಅರಗು ಕರಗುತ್ತದೆ. ಬಡಗಿಗಳು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಮರದ ಪಾಲಿಶ್ ಸಿದ್ಧಪಡಿಸುತ್ತಾರೆ. ಸ್ಯಾನಿಟೈಸರ್, ಸೆಂಟು ಎರಡರಲ್ಲೂ ಇರುವುದು ಮದ್ಯಸಾರವೇ. ಆದ್ದರಿಂದ ಸೆಂಟು ಪೂಸಿ ಆರಿದ ಮೇಲೆ ಬ್ರೇಸ್‌ಲೆಟ್ ತೊಡಬೇಕು, ಸ್ಯಾನಿಟೈಸರ್ ಹಚ್ಚುವಾಗ ಕಳಚಿಡಬೇಕು. ಬಿಸಿಲಿಗೆ ನಿಂತ ಕಾರಿನೊಳಗೂ ಬಿಟ್ಟುಹೋಗಬಾರದು, ಬಿಸಿಗೆ ಅರಗು ಮೆತ್ತಗಾಗುತ್ತದೆ. ನೀವು ಯಾರಿಗಾದರೂ ಕೊಡುವಾಗ ಈ ಮಾತನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ. ಕಡೆದವರ ಶ್ರಮ ನಮ್ಮ ಅಲಕ್ಷ್ಯದಿಂದ ಹಾಳಾಗಬಾರದೆಂಬುದು ನನ್ನ ಆಸೆ.

ಹೊಸಬರಿಗೆ ನಾನು ಮೊದಲು ಹೇಳುವುದು ಈ ಮಣಿಗಳನ್ನೇ. ಹಗುರ, ತೂತು ದೊಡ್ಡದು, ಅಂಚು ದಾರವನ್ನು ಕತ್ತರಿಸುವುದಿಲ್ಲ. ತೂತಿನೊಳಗೆ ಮರದ ನಾರು ಉಳಿದಿದ್ದರೆ ಊದುಬತ್ತಿಯ ಬಿದಿರುಕಡ್ಡಿಯನ್ನು ಹಾಕಿ ತಿರುಗಿಸಿದರೆ ಸಾಕು. ದಾರ ಮಾತ್ರ 1 ಮಿ.ಮೀ. ದಪ್ಪದ್ದಿರಲಿ, ತೆಳು ದಾರದಲ್ಲಿ ಮಣಿಗಳು ಅತ್ತಿತ್ತ ವಾಲುತ್ತವೆ. ಅಂಗನವಾಡಿ ಎಂದಿರಿ, ಹಾಗಾಗಿ ಒಂದು ಮಾತು: ಮೂರು ವರ್ಷದೊಳಗಿನ ಮಕ್ಕಳ ಕೈಗೆ ಯಾವ ಮಣಿಯ ಬ್ರೇಸ್‌ಲೆಟ್ಟನ್ನೂ ಹಾಕಬೇಡಿ, ಹರಿದ ಮಣಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಬಹಳ ದೊಡ್ಡದು.

ಪ್ರಶ್ನೆ (ಧಾರವಾಡದ ಸದಸ್ಯ): ಎಲಾಸ್ಟಿಕ್ ಬೇಡ, ಕೊಂಡಿ ಇರುವುದೇ ಬೇಕು ಎಂದು ಮಗಳು ಹೇಳುತ್ತಾಳೆ. ಅದು ಹೊಸಬರಿಗೆ ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ, ಮತ್ತು ಕಲ್ಲಿನ ಭಾರದ ಮಣಿಗಳಿಗೆ ಅದೇ ಸರಿಯಾದ ದಾರಿ. ನೈಲಾನ್ ಲೇಪಿಸಿದ ಉಕ್ಕಿನ ತಂತಿ ಬೇಕು. 0.38 ಮಿ.ಮೀ. ದಪ್ಪದ್ದು ಸಾಕು. ಏಳು ಎಳೆಗಳ ತಂತಿ ಅಗ್ಗ, ಆದರೆ ಬಿರುಸು, ಒಮ್ಮೆ ಮಡಿಸಿದರೆ ಮುರುಟು ಉಳಿಯುತ್ತದೆ. 49 ಎಳೆಗಳದ್ದು ದಾರದಂತೆಯೇ ಬಾಗುತ್ತದೆ. ಬೇಕಾದ ಉದ್ದಕ್ಕಿಂತ 15 ಸೆಂ.ಮೀ. ಹೆಚ್ಚು ಕತ್ತರಿಸಿಕೊಳ್ಳಿ. ಕ್ರಿಂಪ್ ಎಂಬ 2 ಮಿ.ಮೀ. ಲೋಹದ ಕೊಳವೆಯನ್ನು ತಂತಿಗೆ ಏರಿಸಿ, ಕೊಂಡಿಯ ಕಿವಿಯೊಳಗೆ ತಂತಿಯನ್ನು ತೂರಿಸಿ, ಅದೇ ಕೊಳವೆಯೊಳಗೆ ಹಿಂದಕ್ಕೆ ತನ್ನಿ. ಒಳಗೆ ಎರಡು ಎಳೆಗಳು ಒಂದರ ಮೇಲೊಂದು ಹಾಯದೆ ಪಕ್ಕಪಕ್ಕದಲ್ಲಿರುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಚಪ್ಪಟೆ ಮೂತಿಯ ಇಕ್ಕಳದಿಂದ ಒತ್ತಿ. ಹಾಯ್ದಿದ್ದರೆ ಒತ್ತಡಕ್ಕೆ ತಂತಿಯೇ ಮುರಿಯುತ್ತದೆ. ಉಳಿದ ಬಾಲವನ್ನು ಎರಡು ಮೂರು ಮಣಿಗಳೊಳಗೆ ಅಡಗಿಸಿ. ಇನ್ನೊಂದು ತುದಿಯಲ್ಲಿ ಕೊನೆಯ ಕ್ರಿಂಪ್ ಒತ್ತುವ ಮೊದಲು 2 ಮಿ.ಮೀ. ಸಡಿಲ ಬಿಡಲೇಬೇಕು. ಪೂರ್ತಿ ಬಿಗಿದರೆ ಬ್ರೇಸ್‌ಲೆಟ್ ಕೈಗೆ ಬಾಗದೆ ಕಡ್ಡಿಯಂತೆ ನಿಲ್ಲುತ್ತದೆ, ಮಣಿಗಳೂ ಒಂದಕ್ಕೊಂದು ಉಜ್ಜುತ್ತವೆ.

ಪ್ರಶ್ನೆ (ಮಂಗಳೂರಿನ ಸದಸ್ಯೆ): ಜರ್ಮನ್ ಸಿಲ್ವರ್ ಕೊಂಡಿ ಹಾಕಿದ ಕಡೆ ಕೈ ಕೆಂಪಗಾಗಿ ತುರಿಸುತ್ತದೆ. ಬೆಳ್ಳಿಗೂ ಹೀಗಾಗುವುದುಂಟೇ?

ಉತ್ತರ: ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇರುವುದಿಲ್ಲ. ಅದು ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಲೋಹ, ಮತ್ತು ಚರ್ಮಕ್ಕೆ ಒಗ್ಗದಿರುವ ಲೋಹಗಳಲ್ಲಿ ನಿಕ್ಕಲ್ಲೇ ಹೆಚ್ಚು ಪರಿಚಿತ. ಆ ಕೊಂಡಿಯನ್ನು ತೆಗೆದು 92.5ರ ಬೆಳ್ಳಿಯದನ್ನು ಹಾಕಿ, ಇಲ್ಲವೇ ಲೋಹವೇ ಇಲ್ಲದಂತೆ ಎಲಾಸ್ಟಿಕ್‌ನಲ್ಲೇ ಪೋಣಿಸಿ. ತುರಿಕೆ ನಿಲ್ಲದಿದ್ದರೆ ಚರ್ಮವೈದ್ಯರನ್ನು ಕಾಣಿರಿ.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): ಮೇಡಂ, ಸರ್ಜನ್ ಗಂಟು ನಿಂತಿತು, ಬಹಳ ಸಂತೋಷವಾಯಿತು. ಇನ್ನೊಂದೇ ಪ್ರಶ್ನೆ. ನಮ್ಮ ಅಜ್ಜಿಯ ಮುತ್ತು ಹವಳದ ಸರದ ದಾರ ಜೀರ್ಣವಾಗಿದೆ. ಅದರಲ್ಲಿ ನನಗೂ ತಂಗಿಗೂ ಒಂದೊಂದು ಬ್ರೇಸ್‌ಲೆಟ್ ಮಾಡಬೇಕೆಂದಿದ್ದೇನೆ. ಎಲಾಸ್ಟಿಕ್ ನಡೆಯುತ್ತದೆಯೇ?

ಉತ್ತರ: ದಯವಿಟ್ಟು ಬೇಡ. ಮುತ್ತಿನ ತೂತು ಎಷ್ಟು ಸಣ್ಣದೆಂದರೆ ಅದರಲ್ಲಿ ಹೋಗುವಷ್ಟು ತೆಳುವಾದ ಎಲಾಸ್ಟಿಕ್‌ಗೆ ಬಲವಿರುವುದಿಲ್ಲ. ಮುತ್ತಿಗೆ ರೇಷ್ಮೆ ದಾರವೇ ಸರಿ, ಪ್ರತಿ ಎರಡು ಮುತ್ತುಗಳ ನಡುವೆ ಒಂದು ಗಂಟು ಬೇಕು. ಮುತ್ತಿನ ಮೈ ಮೃದು, ಗಂಟು ಇಲ್ಲದಿದ್ದರೆ ಅವು ಪರಸ್ಪರ ಉಜ್ಜಿ ಹೊಳಪು ಕಳೆದುಕೊಳ್ಳುತ್ತವೆ. ಗಂಟಿದ್ದರೆ, ದಾರ ಎಂದಾದರೂ ಹರಿದಾಗ ಉದುರುವುದು ಒಂದೇ ಮುತ್ತು. ದಾರವನ್ನು ಎರಡೆಳೆ ಮಾಡಿದ ಮೇಲೂ 60 ಸೆಂ.ಮೀ. ಇರುವಂತೆ ತೆಗೆದುಕೊಳ್ಳಿ. ಗಂಟು ಹಾಕುವಾಗ ಕುಣಿಕೆಯೊಳಗೆ ಸೂಜಿಯ ಮೊನೆಯಿಟ್ಟು, ಅದನ್ನು ಮುತ್ತಿನ ಬುಡದವರೆಗೆ ಜರುಗಿಸಿದ ಮೇಲೆ ಸೂಜಿಯನ್ನು ಹೊರತೆಗೆದು ಬಿಗಿಯಬೇಕು. ಪ್ರತಿ ಗಂಟೂ ಸುಮಾರು 1 ಮಿ.ಮೀ. ಜಾಗ ಹಿಡಿಯುವುದರಿಂದ ಮುತ್ತುಗಳ ಸಂಖ್ಯೆ ನೀವೆಣಿಸಿದ್ದಕ್ಕಿಂತ ಕಡಿಮೆ ಸಾಕಾಗುತ್ತದೆ.

ಹಳೆಯ ದಾರವನ್ನು ಕತ್ತರಿಸುವ ಮೊದಲು ಸರವನ್ನು ಟವೆಲ್ ಮೇಲೆ ಹಾಸಿ ಫೋಟೋ ತೆಗೆದುಕೊಳ್ಳಿ. ಹಿಂದಿನವರು ಸಣ್ಣದರಿಂದ ದೊಡ್ಡದಕ್ಕೆ ಏರುವಂತೆ ಜೋಡಿಸಿರುತ್ತಾರೆ, ಆ ಕ್ರಮ ಒಮ್ಮೆ ಕದಡಿದರೆ ಮತ್ತೆ ಹೊಂದಿಸುವುದು ಕಷ್ಟ. ಮುತ್ತು, ಹವಳ ಎರಡೂ ಮೂಲತಃ ಕ್ಯಾಲ್ಸಿಯಂ ಕಾರ್ಬೊನೇಟ್ ಆದುದರಿಂದ ನಿಂಬೆರಸ, ಹುಣಸೆ, ವಿನಿಗರ್ ಯಾವುದನ್ನೂ ತಾಗಿಸಬಾರದು. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಅಜ್ಜಿಯ ಮುತ್ತುಗಳಿಗೆ ಕೈ ಹಚ್ಚುವುದಕ್ಕೆ ಮುಂಚೆ ಅದೇ ಅಳತೆಯ ಪ್ಲಾಸ್ಟಿಕ್ ಮುತ್ತುಗಳಲ್ಲಿ ಒಂದು ಪೂರ್ತಿ ಬ್ರೇಸ್‌ಲೆಟ್ ಪೋಣಿಸಿ, ಗಂಟುಗಳು ಹತ್ತಿರದಿಂದ ಕಾಣುವಂತೆ ಫೋಟೋ ತೆಗೆದು ಇಲ್ಲಿ ಹಾಕಿ. ಗಂಟು ಮುತ್ತಿಗೆ ಅಂಟಿ ಕೂತಿದೆಯೇ, ಸಂದು ಉಳಿದಿದೆಯೇ ಎಂದು ನೋಡಿ ಹೇಳುತ್ತೇನೆ, ಆಮೇಲೆ ಹಳೆಯ ದಾರ ಕತ್ತರಿಸಿ.